ಸೂಜಿಗಿಂತ ಮೊದಲು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕರಲ್ಲಿ ಯಾವ ತಾಲ್ಲೂಕು ಆಸ್ಪತ್ರೆಗೆ ಹೋಗಿ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: "ಲಗೂನ ಒಂದ್ ಸೂಜಿ ಮಾಡ್ರಿ, ಸಲೈನ್ ಹಚ್ರಿ." ಸಿಸ್ಟರ್ ಕೈಯಲ್ಲಿ ಸಿರಿಂಜು ಕಂಡರೆ ಜನರಿಗೆ ಸಮಾಧಾನ, ಕೆಲಸ ಶುರುವಾಯಿತು ಎಂದು. ಅದಕ್ಕೂ ಮೊದಲು ಆಕೆ ಊರು-ಹೆಸರು ಕೇಳುತ್ತ, ಮಣಿಕಟ್ಟು ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು, ಪಾದ ಒತ್ತಿ ನೋಡುವ ಐದು ಹತ್ತು ನಿಮಿಷ ಮಾತ್ರ ಅವರ ಲೆಕ್ಕದಲ್ಲಿ ಸುಮ್ಮನೆ ತಡ. "ಎಷ್ಟ್ ಕೇಳ್ತೀರಿ ಬಾಯಾರ" ಎಂದು ಗೊಣಗುವವರೂ ಉಂಟು. ಸೂಜಿ ಹಾಕಲು ಕಲಿಯುವುದು ಕೆಲವು ವಾರಗಳ ಮಾತು. ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿನಲ್ಲಿ ದೊಡ್ಡ ಪಾಲು ಹೋಗುವುದು ಈ 'ತಡ'ವನ್ನು ಸರಿಯಾಗಿ ಮಾಡುವುದು ಹೇಗೆಂದು ಕಲಿಯುವುದಕ್ಕೆ.

ಡಾಕ್ಟರು ನೋಡುವುದಕ್ಕೂ ಸಿಸ್ಟರ್ ನೋಡುವುದಕ್ಕೂ ವ್ಯತ್ಯಾಸವಿದೆ. ಡಾಕ್ಟರು ಹುಡುಕುವುದು ರೋಗದ ಹೆಸರನ್ನು. ಈ ಮನುಷ್ಯ ಈಗ ಯಾವ ಸ್ಥಿತಿಯಲ್ಲಿದ್ದಾನೆ, ಇನ್ನೊಂದು ತಾಸಿನಲ್ಲಿ ಎತ್ತ ಹೊರಳಬಹುದು, ಎದ್ದು ತಾನೇ ನೀರು ಕುಡಿಯಬಲ್ಲನೇ ಎಂಬುದು ಸಿಸ್ಟರ್ ಹುಡುಕಾಟ. ನರ್ಸಿಂಗ್ ಪಠ್ಯ ಆರೈಕೆಗೆ ಐದು ಹಂತ ಹೇಳುತ್ತದೆ. ಮೊದಲನೆಯದು ರೋಗಿಯ ಸ್ಥಿತಿ ಅರಿಯುವುದು, ಕೊನೆಯದು ಮಾಡಿದ ಆರೈಕೆಯಿಂದ ಏನು ಬದಲಾಯಿತೆಂದು ಮತ್ತೆ ನೋಡುವುದು. ಆ ಮತ್ತೆ ನೋಡುವುದರಲ್ಲೇ ಇಡೀ ವಿದ್ಯೆ ಇದೆ ಎನ್ನುವುದು ನನ್ನ ಅಭಿಪ್ರಾಯ. ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100ರೊಳಗಿದ್ದರೆ ಸರಿ ಎನ್ನುತ್ತೇವೆ. ಹಾಗಾದರೆ 96 ಸರಿಯೇ? ಎರಡು ತಾಸಿನ ಹಿಂದೆ ಅದೇ ನಾಡಿ 70 ಇದ್ದರೆ ಸರಿಯಲ್ಲ. ಒಂದೇ ಅಂಕಿ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ಮಂಚದ ಹತ್ತಿರ ಮತ್ತೆ ಮತ್ತೆ ಬರುವವರು ಸಿಸ್ಟರ್‌ಗಳು.

ನೋಟ ಬಾಗಿಲಲ್ಲೇ ಶುರುವಾಗುತ್ತದೆ. ರೋಗಿ ಗೋಡೆ ಹಿಡಿದು ಬಂದನೇ, ಮಗನ ಹೆಗಲ ಮೇಲೆ ಕೈ ಹಾಕಿ ಬಂದನೇ? ಊರಿನ ಹೆಸರು ಹೇಳುವಷ್ಟರಲ್ಲಿ ಎಷ್ಟು ಸಲ ದಮ್ಮು ತಗೊಂಡ? ಕೂತ ಮೇಲೆ ಎರಡೂ ಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದನೇ? ಹಾಗೆ ಬಾಗಿ ಕೂತವನಿಗೆ ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲು ಎನ್ನಬಾರದು, ಅವನ ಉಸಿರಾಟ ಕಷ್ಟದಲ್ಲಿದೆ. ಆಮೇಲೆ ಮುಟ್ಟುವುದು, ಬೆರಳಿನಿಂದ ತಟ್ಟಿ ನೋಡುವುದು, ಸ್ಟೆತಾಸ್ಕೋಪಿನಲ್ಲಿ ಕೇಳುವುದು. ಹೊಟ್ಟೆಗೆ ಮಾತ್ರ ಈ ಕ್ರಮ ಬದಲು. ಒತ್ತಿದರೆ ಕರುಳಿನ ಸದ್ದೇ ಬೇರೆಯಾಗುವುದರಿಂದ ಅಲ್ಲಿ ಮೊದಲು ಕಿವಿ, ಆಮೇಲೆ ಕೈ. ಕೆಳರೆಪ್ಪೆಯ ಒಳಬದಿ ಬಿಳಚಿದೆಯೇ ಎಂದು ನೋಡಲು ಟ್ಯೂಬ್‌ಲೈಟಿಗಿಂತ ಕಿಟಕಿಯ ಬೆಳಕು ಮೇಲು. ಇದು ಸಣ್ಣ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ.

ಉಸಿರಿನ ಎಣಿಕೆಯಷ್ಟು ಸರಳವಾದದ್ದು, ಅಷ್ಟೇ ಕಡೆಗಣನೆಗೆ ಒಳಗಾದದ್ದು ಇನ್ನೊಂದಿಲ್ಲ. ಯಾವುದಾದರೂ ವಾರ್ಡಿನ ಚಾರ್ಟು ತೆಗೆದು ನೋಡಿ, ಎಲ್ಲ ರೋಗಿಗಳ ಉಸಿರೂ 20 ಎಂದು ಬರೆದಿದ್ದರೆ ಅಲ್ಲಿ ಯಾರೂ ಎಣಿಸಿಲ್ಲ ಎಂದು ತಿಳಿಯಿರಿ. ಎಣಿಸುವ ರೀತಿ ಹೀಗೆ: ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಮೂರು ಬೆರಳು ಇಟ್ಟು ನಾಡಿ ನೋಡುತ್ತಾರೆ. ನೋಡುವವರು ತಮ್ಮ ಹೆಬ್ಬೆರಳು ಬಳಸುವುದಿಲ್ಲ, ಅದರಲ್ಲಿ ಅವರದೇ ನಾಡಿ ಬಡಿಯುತ್ತಿರುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಬೆರಳು ತೆಗೆಯುವುದಿಲ್ಲ. ಕಣ್ಣು ಮಾತ್ರ ಎದೆಯ ಕಡೆಗೆ ಹೊರಳುತ್ತದೆ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ರೋಗಿಗೆ ನಾಡಿ ನೋಡುತ್ತಿದ್ದಾರೆ ಎಂದೇ ಅನಿಸಬೇಕು. "ಈಗ ನಿಮ್ಮ ಉಸಿರು ಎಣಿಸ್ತೀನಿ" ಎಂದು ಹೇಳಿದರೆ ಮುಗಿಯಿತು, ಯಾರೂ ಮೊದಲಿನಂತೆ ಉಸಿರಾಡುವುದಿಲ್ಲ. ದೊಡ್ಡವರಿಗೆ 12ರಿಂದ 20 ಸರಿ. ಮಕ್ಕಳ ಅಳತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳಿನೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಅದು ವೇಗದ ಉಸಿರು. ಕೆಮ್ಮೂ ಇದ್ದರೆ ನ್ಯುಮೋನಿಯಾ ಅನುಮಾನ. ಎಕ್ಸ್-ರೇ ಇಲ್ಲದ ಉಪಕೇಂದ್ರದಲ್ಲೂ ಗಡಿಯಾರ ಇರುತ್ತದೆ. ಕೂಸಿನ ಅಂಗಿ ಮೇಲೆತ್ತಿ, ಅದು ಅಳು ನಿಲ್ಲಿಸುವವರೆಗೆ ಕಾದು, ಎಣಿಸಬೇಕು ಅಷ್ಟೇ. ಕಾಯುವ ಪುರಸೊತ್ತೇ ಎಲ್ಲಕ್ಕಿಂತ ತುಟ್ಟಿ.

ಬಿಪಿ ಬಗ್ಗೆ ಎಲ್ಲರಿಗೂ ಗೊತ್ತು, ತಪ್ಪಾಗುವುದೂ ಅಲ್ಲೇ ಹೆಚ್ಚು. ಬಸ್ಸಿಳಿದು, ಮೆಟ್ಟಿಲು ಹತ್ತಿ, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಕೈ ಚಾಚಿದರೆ ಬರುವ ಅಂಕಿ ನಂಬುವಂಥದ್ದಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಪಟ್ಟಿ ಬಟ್ಟೆಯ ಮೇಲೆ ಸುತ್ತಬಾರದು, ನಡುವೆ ಮಾತಾಡಬಾರದು. 140/90 ಎಂದು ಒಂದು ಸಲ ಬಂದ ಮಾತ್ರಕ್ಕೆ ಬಿಪಿ ರೋಗಿ ಎಂಬ ಹಣೆಪಟ್ಟಿ ಹಚ್ಚುವುದಿಲ್ಲ, ಮತ್ತೆ ನೋಡಬೇಕು. ಈಗ ಹಳ್ಳಿಯ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ, ಅಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು 30 ದಾಟಿದವರ ಬಿಪಿ, ಶುಗರ್, ಬಾಯಿ ತಪಾಸಣೆ ಮಾಡುತ್ತಾರೆ. ತಂಬಾಕು ಸುಣ್ಣ ಇಟ್ಟು ಇಟ್ಟು ಕೆನ್ನೆಯೊಳಗೆ ಬಿಳಿ ಮಚ್ಚೆ ಮೂಡಿದವರು ಸಿಗುವುದು ಅಲ್ಲೇ.

ಇಂಡಿ ಕಡೆಗೆ ಶುಗರ್ ಇದ್ದವರ ತಪಾಸಣೆಯಲ್ಲಿ ಪಾದಕ್ಕೆ ಹೆಚ್ಚಿನ ಗಮನ ಬೇಕು. ಅದು ಲಿಂಬೆಯ ಸೀಮೆ, ಲಿಂಬೆ ಗಿಡಕ್ಕೆ ಮುಳ್ಳು. ಬರಿಗಾಲಲ್ಲಿ ತೋಟ ತಿರುಗುವವನಿಗೆ ಮುಳ್ಳು ಚುಚ್ಚಿದರೆ ನೋವಾಗಬೇಕು. ನೋವೇ ಆಗಲಿಲ್ಲವೆಂದರೆ ಅದು ಗಟ್ಟಿತನವಲ್ಲ, ಹಳೆಯ ಶುಗರ್ ಪಾದದ ನರಗಳನ್ನು ತಿಂದುಹಾಕಿದೆ ಎಂದರ್ಥ. ಆದ್ದರಿಂದ ಚಪ್ಪಲಿ ಬಿಡಿಸಿ, ಬೆರಳ ಸಂದು ಬಿಡಿಸಿ, ಅಂಗಾಲು ತಿರುವಿ ನೋಡಬೇಕು. ಅರಿವು ಪರೀಕ್ಷಿಸಲು ಒಂದು ನೈಲಾನ್ ಎಳೆ ಇದೆ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಮೊದಲು ಅಂಗೈಗೆ ಒತ್ತಿ ಹೀಗಿರುತ್ತದೆ ಎಂದು ತೋರಿಸುತ್ತಾರೆ. ಆಮೇಲೆ ರೋಗಿ ಕಣ್ಣು ಮುಚ್ಚಿಕೊಳ್ಳಬೇಕು, ಎಳೆ ಬಾಗುವವರೆಗೆ ಅಂಗಾಲಿಗೆ ಒತ್ತಿದಾಗ "ಹ್ಞೂಂ" ಅನ್ನಬೇಕು. ಒತ್ತಿದರೂ ಹ್ಞೂಂ ಬರದ ಜಾಗದಲ್ಲಿ ನಾಳೆ ಹುಣ್ಣು ಏಳಬಹುದು. ಸಾಲಿನಲ್ಲಿ ನಿಂತವರ ಎದುರು ಅಂಗಾಲು ತೋರಿಸಲು ದೊಡ್ಡವರಿಗೆ ನಾಚಿಕೆ, ಸಣ್ಣ ವಯಸ್ಸಿನ ಸಿಸ್ಟರ್ ಮುಂದೆ ಕಾಲು ಚಾಚಲು ಇನ್ನಷ್ಟು ಸಂಕೋಚ. ಆಕೆಯೇ ನೆಲಕ್ಕೆ ಕೂತು "ಮುತ್ಯಾ, ಕಾಲ್ ಇತ್ತಾಗ ಕೊಡ್ರಿ" ಎಂದರೆ ಮಾತ್ರ ಕೆಲಸ ಆಗುತ್ತದೆ.

ಇನ್ನು ಕೇಳುವ ಕಲೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯ ಇಟ್ಟಿದ್ದಾರೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳುವುದು ವ್ಯರ್ಥ, ಎಷ್ಟು ತಾಸು, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎಂಬುದು ಅಲ್ಲಿನ ಒಂದು ವಾದ. ನಮ್ಮಲ್ಲಂತೂ ಇದು ಪೂರ್ತಿ ನಿಜ. "ಊಟ ಸೇರತದೇನ್ರಿ?" ಅಂದರೆ "ಹೂಂ ಬಾಯಾರ, ಸೇರತದ" ಎಂಬ ಉತ್ತರ ಸಿದ್ಧ, ಇಲ್ಲ ಅಂದರೆ ಎದುರಿನವರಿಗೆ ಬೇಜಾರಾದೀತು ಎಂಬ ಮರ್ಯಾದೆ. "ನಿನ್ನಿ ರಾತ್ರಿ ಎಷ್ಟ್ ರೊಟ್ಟಿ ತಿಂದ್ರಿ? ಮದಲ ಎಷ್ಟ್ ತಿಂತಿದ್ರಿ?" ಎಂದು ಕೇಳಿದರೆ ಆಗ ಸತ್ಯ ಹೊರಬೀಳುತ್ತದೆ: "ಅರ್ಧಾ ತಿಂದ್ನಿ. ಮದಲ ಮೂರ್ ತಿಂತಿದ್ನಿ."

ನೋವಿನ ಅಳತೆಯೂ ಹಾಗೆಯೇ. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ಕೇಳುವುದು ಜಗತ್ತಿನ ಆಸ್ಪತ್ರೆಗಳ ರೂಢಿ. ಭೀಮಾ ದಂಡೆಯ ಹಳ್ಳಿಯ ಮುದುಕನಿಗೆ ಹಾಗೆ ಕೇಳಿ ನೋಡಿ, "ಭಾಳ ಅದರಿ" ಎನ್ನುತ್ತಾನೆ, ಅಷ್ಟೇ. ಆದರೆ ಹೊಲದ ಪೀಕು ಎಂಟಾಣೆ ಬಂತು, ನಾಕಾಣೆ ಬಂತು ಎಂದು ಆಣೆವಾರಿ ಲೆಕ್ಕದಲ್ಲಿ ಬದುಕಿದ ಮನುಷ್ಯ ಅವನು. "ರೂಪಾಯಿದಾಗ ಎಷ್ಟಾಣೆ ನೋವದ ಮುತ್ಯಾ?" ಎಂದು ಕೇಳಿದರೆ ತಟ್ಟನೆ ಉತ್ತರ, "ಹನ್ನೆರಡಾಣೆ ಅದ ನೋಡವ್ವ." ಔಷಧ ಕೊಟ್ಟು ಒಂದು ತಾಸಿನ ಮೇಲೆ ಕೇಳಿದರೆ "ನಾಕಾಣೆ ಉಳದದ" ಎನ್ನುತ್ತಾನೆ. ಹದಿನಾರು ಆಣೆಯ ಅಳತೆ ಹತ್ತರ ಅಳತೆಗಿಂತ ಸೂಕ್ಷ್ಮವೇ ಆಯಿತಲ್ಲ! ಚಾರ್ಟಿಗೆ ಹೊಂದಿಸಿ ಬರೆದುಕೊಳ್ಳುವುದು ಸಿಸ್ಟರ್ ಕೆಲಸ.

ಯಾರ ಎದುರು ಕೇಳುತ್ತೀರಿ ಎಂಬುದೂ ಮುಖ್ಯ. ಅತ್ತೆ ಪಕ್ಕದಲ್ಲಿ ನಿಂತಿದ್ದರೆ ಸೊಸೆಯ ಬದಲು ಅತ್ತೆಯೇ ಉತ್ತರ ಕೊಡುತ್ತಾಳೆ. ಬಿಳಿ ಮುಟ್ಟು, ಮೈಮೇಲಿನ ಪೆಟ್ಟಿನ ಗುರುತು, ತಪ್ಪಿದ ಗುಳಿಗೆ ಇವು ಯಾವುವೂ ಆಗ ಬಾಯಿಗೆ ಬರುವುದಿಲ್ಲ. ಹುಷಾರಿ ಸಿಸ್ಟರ್ ಅತ್ತೆಯನ್ನು ಚೀಟಿ ತರಲು ಕಳಿಸುತ್ತಾಳೆ. ಈ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯೂ ಕಡ್ಡಾಯವಾಗಬೇಕು: "ದುಡಿಯಾಕ ಎಲ್ಲಿಗಿ ಹೋಗಿದ್ರಿ?" ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುವ ಮನೆಗಳಲ್ಲಿ, ತಾಂಡಾಗಳಲ್ಲಿ, ಬಸುರಿಯ ತಾಯಿ ಕಾರ್ಡಿನಲ್ಲಿ ನಡುವಿನ ತಿಂಗಳುಗಳು ಖಾಲಿ ಇರುತ್ತವೆ. ಆ ಖಾಲಿ ಜಾಗವೂ ಒಂದು ಮಾಹಿತಿಯೇ. ಬಿಪಿ ಯಾವಾಗ ಏರಿತೋ ಯಾರಿಗೂ ತಿಳಿಯದ ಬಸುರಿ ಆಕೆ. ತಲೆಶೂಲೆ, ಕಣ್ಣು ಮಂಜು, ಮುಖ ಬಾವು ಇವೆಯೇ ಎಂದು ಕೇಳಿ, ಮೂತ್ರದಲ್ಲಿ ಆಲ್ಬುಮಿನ್ ನೋಡದೆ ಆಕೆಯನ್ನು ಮನೆಗೆ ಕಳಿಸುವಂತಿಲ್ಲ.

ಹೆರಿಗೆ ಕೋಣೆಗೆ ಬಂದರೆ ಮತ್ತೆ ಮತ್ತೆ ನೋಡುವುದರ ಬೆಲೆ ಪೂರ್ತಿ ತಿಳಿಯುತ್ತದೆ. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದ ಮೇಲೆ, ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಪಾರ್ಟೋಗ್ರಾಫ್ ಹಾಳೆ ಶುರು. ಅರ್ಧ ತಾಸಿಗೊಮ್ಮೆ ಕೂಸಿನ ಎದೆಬಡಿತ, ಬೇನೆಯ ಲೆಕ್ಕ, ತಾಯಿಯ ನಾಡಿ. ಬಾಯಿ ತೆರೆದ ಅಳತೆಯ ಚುಕ್ಕೆ ಸೇರಿಸಿದ ಗೆರೆ ಹಾಳೆಯ ಮೇಲಿನ ಎಚ್ಚರಿಕೆಯ ಗೆರೆ ದಾಟಿ ಬಲಕ್ಕೆ ಸರಿಯಿತೆಂದರೆ ಹೆರಿಗೆ ನಿಧಾನವಾಗಿದೆ. ಹೆರಿಗೆ ಮುಗಿದ ಮೇಲೆ ಈ ಹಾಳೆಯನ್ನು ಒಂದೇ ಸಲಕ್ಕೆ ಕೂತು ತುಂಬಿಸಿ ಇಡುವವರೂ ಇದ್ದಾರೆ. ಅದು ಕಡತಕ್ಕೆ ಆಗಬಹುದು, ತಾಯಿಗೆ ಆಗುವುದಿಲ್ಲ.

ನಿಜವಾದ ಪರೀಕ್ಷೆ ಕೂಸು ಹುಟ್ಟಿದ ಮೇಲಿನ ಎರಡು ತಾಸು. ಮನೆಯವರು ಪೇಢೆ ಹಂಚುವ ಹೊತ್ತು ಅದು. ಸಿಸ್ಟರ್ ಮಾತ್ರ ಹದಿನೈದು ನಿಮಿಷಕ್ಕೊಮ್ಮೆ ಹೊಟ್ಟೆಯ ಮೇಲೆ ಕೈ ಇಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ನೋಡುತ್ತಾಳೆ, ಬಟ್ಟೆ ಸರಿಸಿ ರಕ್ತ ನೋಡುತ್ತಾಳೆ, ನಾಡಿ ಮತ್ತು ಬಿಪಿ ನೋಡುತ್ತಾಳೆ. ಹರೆಯದ ಹೆಣ್ಣುಮಗಳ ದೇಹ ಬಹಳ ಹೊತ್ತು ಮೋಸ ಮಾಡುತ್ತದೆ. ರಕ್ತ ಹೋಗುತ್ತಿದ್ದರೂ ಬಿಪಿ ಇಳಿಯುವುದಿಲ್ಲ, ನಾಡಿ ಮಾತ್ರ ಏರುತ್ತ ಹೋಗುತ್ತದೆ. ನಾಡಿಯ ಅಂಕಿ ಮೇಲಿನ ಬಿಪಿಯ ಅಂಕಿಯನ್ನು ಮುಟ್ಟಿತೆಂದರೆ ಬಹಳ ರಕ್ತ ಹೋಗಿದೆ.

ರಕ್ತ ಎಷ್ಟು ಹೋಯಿತು ಎಂದು ಅಳೆಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಪಕ್ಕದ ಬೆಳಗಾವಿಯವರು ಇದ್ದಾರೆ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳಲ್ಲಿ ರಕ್ತಸ್ರಾವ ತಡೆಯುವ ಗುಳಿಗೆಯೊಂದರ ಅಧ್ಯಯನ ಮಾಡಿದರು. ಅದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು ಹಳ್ಳಿಯ ಸಹಾಯಕ ದಾದಿಯರಾದ ಎಎನ್‌ಎಂಗಳು. ಅವರ ಕೈಯಲ್ಲಿದ್ದದ್ದು ಬಾಣಂತಿಯ ಸೊಂಟದ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಗೆರೆ ಹಾಕಿದ ಚೀಲ. ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿದವರಲ್ಲಿ 500 ಮಿಲಿಲೀಟರ್ ಮುಟ್ಟಿದ ರಕ್ತಸ್ರಾವ ಶೇ 6.4, ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ಶೇ 12. ಗುಳಿಗೆಯ ಸುದ್ದಿ ದೊಡ್ಡದಾಯಿತು. ನನಗೆ ಚೀಲದ ಸುದ್ದಿಯೇ ಹೆಚ್ಚು ಹಿಡಿಸಿತು. ಅದೇ ಬೆಳಗಾವಿಯಲ್ಲಿ ಕಣ್ಣಂದಾಜನ್ನೂ ಚೀಲದ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳಿತ್ತು. ಅನುಭವಿಗಳ ಕಣ್ಣೂ ಬಟ್ಟೆಯಲ್ಲಿ ಇಂಗಿದ ರಕ್ತವನ್ನು ಕಾಣುವುದಿಲ್ಲ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ ದೊಡ್ಡ ಅಧ್ಯಯನವೊಂದರಲ್ಲಿ ಇಂಥದೇ ಚೀಲದಿಂದ ಅಳೆದು, ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ 60ರಷ್ಟು ಇಳಿಯಿತು.

ರಾತ್ರಿ ಪಾಳಿಯಲ್ಲಿ ಬರುವುದು ಬೇರೆ ಥರದ ರೋಗಿಗಳು. ಹಾವು ಕಚ್ಚಿದವರದು ಒಂದು ಲೆಕ್ಕ. ಕೊಳಕುಮಂಡಲ ಕಚ್ಚಿದರೆ ಬಾವು, ನೋವು, ರಕ್ತ ಹೆಪ್ಪುಗಟ್ಟದಿರುವುದು. ಹೊಸ, ಒಣಗಿದ ಗಾಜಿನ ನಳಿಕೆಗೆ ಎರಡು ಮಿಲಿ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಂದೇ ಸಲ ಓರೆ ಮಾಡುತ್ತಾರೆ. ನೀರಾಗಿಯೇ ಹರಿದರೆ ವಿಷ ಏರಿದೆ. ಬಾವು ಎಲ್ಲಿಗೆ ಬಂದಿದೆ ಎಂದು ಕಾಲಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆಯುತ್ತಾರೆ. ಕಟ್ಟುಹಾವು ಕಚ್ಚಿದ್ದು ಮಾತ್ರ ಗೊತ್ತೇ ಆಗದಿರಬಹುದು. ನೆಲಕ್ಕೆ ಮಲಗಿದವನು ಹೊಟ್ಟೆಬ್ಯಾನಿ ಎಂದು ಎದ್ದು ಬರುತ್ತಾನೆ, ಹಲ್ಲಿನ ಗುರುತೂ ಕಾಣುವುದಿಲ್ಲ, ಕಚ್ಚಿದಲ್ಲಿ ನೋವೂ ಇಲ್ಲ. "ಮ್ಯಾಲ ನೋಡ್ರಿ ಕಾಕಾ" ಎಂದರೆ ರೆಪ್ಪೆ ಏಳುವುದಿಲ್ಲ. ಆ ರೆಪ್ಪೆಯನ್ನು ಗಮನಿಸಿದವರು ಮೊದಲು ಉಸಿರಾಟಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಾರೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು, ಹಾಗಾಗಿ ಈಗ ಇದರ ದಾಖಲೆಗೂ ಮೊದಲಿಗಿಂತ ತೂಕ ಬಂದಿದೆ. ಇನ್ನೊಂದು ಎಣ್ಣಿ ಕುಡಿದವರದು, ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಮನೆಯವರು ಪೊಲೀಸರಿಗೆ ಅಂಜಿ "ವಾಂತಿ ಆಗ್ಯಾವ್ರಿ" ಎಂದಷ್ಟೇ ಹೇಳುತ್ತಾರೆ. ಬಾಯಿಯ ವಾಸನೆ, ಸುರಿಯುವ ಜೊಲ್ಲು, ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ ಬೇರೆಯೇ ಹೇಳುತ್ತವೆ.

ಇಷ್ಟೆಲ್ಲ ನೋಡಲು ಪುರಸೊತ್ತು ಬೇಕು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ಸಿಸ್ಟರ್ ಎನ್ನುವುದು ಕೇಂದ್ರ ಸರ್ಕಾರದ ಹಳೆಯ ಮಾನದಂಡ. ಯಾವ ಸರ್ಕಾರಿ ಆಸ್ಪತ್ರೆಯ ಯಾವ ರಾತ್ರಿ ಪಾಳಿಗೆ ಬೇಕಾದರೂ ಹೋಗಿ ಓದುಗರೇ ಲೆಕ್ಕ ಹಾಕಬಹುದು. ಹುದ್ದೆಗೆ ಶುಶ್ರೂಷಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ, ಜೊತೆಗೆ ರಿಜಿಸ್ಟರುಗಳೂ ಪೋರ್ಟಲ್‌ಗಳೂ ಬಂದಿವೆ. ಒಂದೇ ಮಾಹಿತಿಯನ್ನು ನಾಲ್ಕು ಕಡೆ ತುಂಬುವ ಕೈಗೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸು ಎಂದು ಹೇಳಲು ನಾಲಿಗೆ ಏಳಬೇಕಲ್ಲ. ಎಲ್ಲರಿಗೂ 20 ಎಂದು ಬರೆಯುವ ಚಾರ್ಟಿನ ಹಿಂದೆ ಸೋಮಾರಿತನ ಇರಬಹುದು, ಆದರೆ ಅದೊಂದೇ ಇಲ್ಲ.

ದವಾಖಾನೆಗೆ ಬರುವವರು ಮಾಡಬಹುದಾದ ಕೆಲಸವೂ ಇದೆ. ನುಂಗುತ್ತಿರುವ ಗುಳಿಗೆಯ ಪಟ್ಟಿಗಳನ್ನು, ನಾಟಿ ಔಷಧ ಇದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಊರ ಕಾಂಪೌಂಡರ್ ಹತ್ತಿರ ಸೂಜಿ ಮಾಡಿಸಿಕೊಂಡು ಬಂದಿದ್ದರೆ ಮುಚ್ಚಿಡಬೇಡಿ. ರೋಗಿಗೆ ಕೇಳಿದ್ದನ್ನು ರೋಗಿಯೇ ಹೇಳಲಿ.

ಮೊದಲು ಹೇಳಿದ ನಾಲ್ಕೂ ಊರಿನಿಂದ ದೊಡ್ಡ ಆಸ್ಪತ್ರೆಗೆಂದು ವಿಜಯಪುರಕ್ಕೆ ಹೋಗಲು ಸುಮಾರು 40ರಿಂದ 80 ಕಿಲೋಮೀಟರ್. ಇಂಡಿಯವರು ಸೊಲ್ಲಾಪುರಕ್ಕೂ, ಸಿಂದಗಿಯವರು ಕಲಬುರಗಿಗೂ, ಮುದ್ದೇಬಿಹಾಳದವರು ಬಾಗಲಕೋಟೆಗೂ ಓಡುತ್ತಾರೆ. 108 ಗಾಡಿ 2008ರಿಂದ ಇದೆ, ರಸ್ತೆಯೂ ಮೊದಲಿಗಿಂತ ವಾಸಿ. ಆದರೂ ಒಂದು ತಾಸಿನ ದಾರಿ ಎಂದರೆ ಒಂದು ತಾಸೇ. ಗಾಡಿ ಹೊರಡುವಾಗ ಕೈಗೆ ಕೊಡುವ ರೆಫರಲ್ ಚೀಟಿಯಲ್ಲಿ ಬಿಪಿ ಎಂದು ಒಂದೇ ಅಂಕಿ ಇದ್ದರೆ ಅಲ್ಲಿನವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಂಜೆ 6.10ಕ್ಕೆ ನಾಡಿ 92, ಬಿಪಿ 116/74, 6.40ಕ್ಕೆ ನಾಡಿ 118, ಬಿಪಿ 104/70 ಎಂದು ಎರಡು ಸಾಲು ಇದ್ದರೆ, ಬಾಣಂತಿ ಯಾವ ಕಡೆಗೆ ಜಾರುತ್ತಿದ್ದಾಳೆಂದು ಓದಿದ ಕೂಡಲೇ ತಿಳಿಯುತ್ತದೆ, ರಕ್ತದ ಬಾಟಲಿಗೆ ಆಗಲೇ ಹೇಳಿ ಕಳಿಸುತ್ತಾರೆ. ಜೊತೆಗೆ ಹೋದವರು ಆ ಚೀಟಿಯನ್ನು ಮಡಚಿ ಕಿಸೆಗೆ ಇಟ್ಟುಕೊಳ್ಳದೆ, ಗಾಡಿ ಇಳಿದ ತಕ್ಷಣ ಅಲ್ಲಿನ ಸಿಸ್ಟರ್ ಕೈಗೆ ಕೊಡಬೇಕು.